ಆಗುತ್ತೆ ಸರ್

ಟಾಲ್‌ಬಟ್, ಅರ್ಕಾನ್ಸಾ
30 ಜನವರಿ 1977

ಕೋಚ್ ಟೀಗ್ ಅವರಿಗೆ,

ನಿಮ್ಮ ಫೋಟೋ ಪೇಪರಿನಲ್ಲಿ ನೋಡಿದೆ. ನಿಮ್ಮ ಹೊಸ ಊರಿನ ದೊಡ್ಡವರೆಲ್ಲ ನಿಮ್ಮ ಎಡಬಲಕ್ಕೆ ನಿಂತು ಹಲ್ಲು ಬಿಡುತ್ತಿದ್ದಾರೆ, ನೀವೊಬ್ಬರು ಮಾತ್ರ ಹೊಸ ಬೂಟು ಕಾಲು ಕಚ್ಚಿದವರ ಹಾಗೆ ಮುಖ ಮಾಡಿಕೊಂಡಿದ್ದೀರಿ. ಕಾಲೇಜು ಹುಡುಗರನ್ನು ಬಿಟ್ಟು ಸಂಬಳಕ್ಕೆ ಆಡುವ ಗಂಡಸರಿಗೆ ಕೋಚ್ ಆಗಿದ್ದೀರಿ. ಸಂತೋಷ. ನಮ್ಮ ಚರ್ಚಿನಲ್ಲಿ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದ್ದೇನೆ.

ರೊಜೆಲ್ ಮನೆಗೆ ಬಂದಿದ್ದಾನೆ. ಮಂಡಿಗೆ ಎರಡು ಸಲ ಆಪರೇಷನ್ ಆಯಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಸೋಫಾದ ಮೇಲೆ ಕಾಲು ಚಾಚಿಕೊಂಡು ಇಡೀ ದಿನ ಟೀವಿ ನೋಡುತ್ತಾನೆ, ಆದರೆ ಫುಟ್‌ಬಾಲ್ ಬಂದರೆ ಚಾನೆಲ್ ಬದಲಿಸುತ್ತಾನೆ. ಇನ್ನು ಚೆಂಡು ಬಗಲಲ್ಲಿಟ್ಟುಕೊಂಡು ಓಡುವುದು ಮುಗಿದ ಮಾತು ಎಂದು ಡಾಕ್ಟರ್ ನನ್ನ ಎದುರಿಗೇ ಅವನಿಗೆ ಹೇಳಿದರು.

ನಾನು ನಿಮ್ಮ ಕ್ಷಮೆ ಕೇಳಬೇಕು. ಹೊಸವರ್ಷದ ದಿನದ ಆ ದೊಡ್ಡ ಆಟದಲ್ಲಿ ನೀವು ಬೇಡ ಬೇಡ ಎಂದರೂ ಇವನೇ ಹೆಲ್ಮೆಟ್ ಹಾಕಿಕೊಂಡು ಮೈದಾನಕ್ಕೆ ನುಗ್ಗಿದನಂತೆ. ಅವನೇ ಹೇಳಿದ. "ಕೋಚ್ ತಡೆದ್ರಮ್ಮ. ನಾನೇ ಕೇಳ್ಲಿಲ್ಲ." ನಾನು ಚೆನ್ನಾಗಿ ಬೈದೆ. "ದೊಡ್ಡವ್ರು ಹೇಳಿದ್ಮೇಲೆ ಮುಗೀತು, ಅದನ್ನ ಮೀರೋಕೆ ನೀನ್ಯಾವನೋ? ಇದನ್ನೇ ಕಲ್ಸಿದ್ದಾ ನಿಂಗೆ ನಾನು?" ಅಂದೆ. ಅವನು ಗೋಡೆ ಕಡೆಗೆ ತಿರುಗಿ ಮಲಗಿಕೊಂಡ.

ಕೋಚ್, ಮೂರು ವರ್ಷದ ಹಿಂದೆ ನೀವು ನಮ್ಮ ಅಡುಗೆಮನೆಯಲ್ಲಿ ಕೂತು ಊಟ ಮಾಡಿದಿರಿ. ನನ್ನ ಮೇಜಿಗೆ ಬಂದು "ಮಿಸೆಸ್ ಪಿಕೆಟ್" ಎಂದು ಕರೆದ ಮೊದಲ ಬಿಳಿಯ ನೀವು. ಬೇರೆ ಏಳು ಕಾಲೇಜಿನವರು ಬಂದಿದ್ದರು, ಒಬ್ಬ ಕಾರಿನ ಆಸೆ ತೋರಿಸಿದ. ನೀವು ಮಾತ್ರ, "ನಿಮ್ಮ ಮಗ ಆಡ್ಲಿ ಬಿಡ್ಲಿ, ಡಿಗ್ರಿ ಕೈಯಲ್ಲಿ ಹಿಡ್ಕೊಂಡೇ ಮನೆಗೆ ಬರ್ತಾನೆ" ಅಂದಿರಿ. ಅದಕ್ಕೇ ಅವನನ್ನು ನಿಮ್ಮ ಕೈಗೆ ಕೊಟ್ಟೆ. ಇನ್ನೊಂದು ವರ್ಷ ಓದಿದರೆ ಅವನು ಗಣಿತದ ಮೇಷ್ಟರಾಗುತ್ತಾನೆ. ಅಲ್ಲಿಗೆ ಬಂದ ಹೊಸ ಕೋಚ್‌ಗೆ ಒಂದು ಮಾತು ಹೇಳಿಡಿ, ಅಷ್ಟು ಸಾಕು.

ಹೋಗುವ ಮುಂಚೆ ಒಂದು ಸಲ ಬರುತ್ತೀರಿ ಅಂದುಕೊಂಡಿದ್ದೆ. ದೊಡ್ಡ ಕೆಲಸ, ಪುರುಸೊತ್ತು ಆಗಿರುವುದಿಲ್ಲ. ಪೀಕಾನ್ ಬೀಜ ಕಳಿಸಿದ್ದೇನೆ, ನಮ್ಮ ಮರದ್ದೇ.

ನಿಮ್ಮ,
ಇರ್ಮಾ ಲೀ ಪಿಕೆಟ್


ಲೇಕ್‌ಪೋರ್ಟ್
14 ಫೆಬ್ರವರಿ 1977

ಮಿಸೆಸ್ ಪಿಕೆಟ್ ಅವರಿಗೆ,

ನಿಮ್ಮ ಪತ್ರ ಬಂತು, ಪೀಕಾನೂ ಬಂತು. ನನ್ನ ಹೆಂಡತಿ ನೋರಾ ಅದರಲ್ಲಿ ಪೈ ಮಾಡಿದಳು. ಇಲ್ಲಿ ಇನ್ನೂ ಸೊಂಟದೆತ್ತರ ಹಿಮ ಇದೆ, ಬೆಳಿಗ್ಗೆ ಕಾರು ಹುಡುಕಲು ಸಲಿಕೆ ಬೇಕು.

ನೀವು ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ದಯವಿಟ್ಟು ರೊಜೆಲ್‌ನನ್ನು ಬೈಯಬೇಡಿ. ಹತ್ತೊಂಬತ್ತು ವರ್ಷ ಕೋಚ್ ಆಗಿದ್ದೇನೆ, ಅವನಂಥ ಎದೆಗಾರ ನನಗೆ ಸಿಕ್ಕಿಲ್ಲ. ಹೊಸ ಕೋಚ್ ಮೆರಿಲ್ ಹ್ಯಾಡನ್ ಒಳ್ಳೆಯ ಮನುಷ್ಯ. ಅವನ ಹತ್ತಿರ ಮಾತನಾಡುತ್ತೇನೆ, ನೀವು ಚಿಂತೆ ಬಿಡಿ.

ಇಲ್ಲಿ ನನ್ನ ಕೈಕೆಳಗೆ ನಲವತ್ತಕ್ಕೂ ಹೆಚ್ಚು ಆಟಗಾರರು. ತಂಡದ ಹೆಸರು ಸ್ಟೋಕರ್ಸ್. ಕಳೆದ ಐದು ವರ್ಷದಿಂದ ಸೋತು ಸೋತು ಸುಣ್ಣವಾಗಿದ್ದಾರೆ. ಅವರಿಗೆ ಬೇಕಾಗಿರುವುದು ಶಿಸ್ತು ಮತ್ತು ಹುರುಪು. ನಮ್ಮ ಬಕ್ನರ್ ಸ್ಟೇಟ್ ಕಾಲೇಜಿನಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡುತ್ತೇನೆ. ಹುಡುಗರೆಂದರೆ ಎಲ್ಲ ಕಡೆ ಹುಡುಗರೇ.

ನಿಮ್ಮ ವಿಶ್ವಾಸಿ,
ಹಾರ್ಲನ್ ಟೀಗ್


ಟಾಲ್‌ಬಟ್
12 ಜೂನ್ 1977

ಕೋಚ್ ಟೀಗ್ ಅವರಿಗೆ,

ಕಾಲೇಜಿನಿಂದ ಕಾಗದ ಬಂದಿದೆ. ಈ ವರ್ಷದಿಂದ ರೊಜೆಲ್‌ಗೆ ಸ್ಕಾಲರ್‌ಶಿಪ್ ಇಲ್ಲವಂತೆ. ನಾಲ್ಕು ವರ್ಷಕ್ಕೂ ಸೇರಿಸಿ ಕೊಟ್ಟದ್ದು ಎಂದು ನಾನು ತಿಳಿದಿದ್ದೆ. ವರ್ಷ ವರ್ಷವೂ ಕೋಚ್ ಹೊಸದಾಗಿ ಸಹಿ ಹಾಕಬೇಕಂತೆ, ಜುಲೈ ಒಂದರೊಳಗೆ.

ಶಾಲೆಯ ಅಡುಗೆ ಕೆಲಸಕ್ಕೆ ರಜೆ ಹಾಕಿ ಬಸ್ಸಿನಲ್ಲಿ ಹೋದೆ. ನಾಲ್ಕು ಗಂಟೆ ಪ್ರಯಾಣ. ಹ್ಯಾಡನ್ ನನ್ನನ್ನು ಕೂರಿಸಿದರು, ಕಾಫಿ ಕೊಟ್ಟರು, ತಪ್ಪು ಹೇಳಬಾರದು. ಆಮೇಲೆ ಒಂದು ಫೈಲು ತೆಗೆದರು. "ನೋಡಿ ಮಿಸೆಸ್ ಪಿಕೆಟ್, ಆಟದಲ್ಲಿ ಪೆಟ್ಟಾಗಿ ಕೂತವನನ್ನ ನಾವ್ಯಾರೂ ಕೈಬಿಡಲ್ಲ. ಆದ್ರೆ ಇವ್ನು ಡಾಕ್ಟರ್ ಮಾತೂ ಕೇಳಿಲ್ಲ, ಕೋಚ್ ಮಾತೂ ಕೇಳಿಲ್ಲ. ಹೇಳಿದ್ದು ಕೇಳದೆ ಕಾಲು ಮುರ್ಕೊಂಡವನಿಗೆ ನಾನು ಜಾಗ ಕೊಟ್ರೆ, ಉಳಿದ ಹುಡುಗರಿಗೆ ಏನಂತ ಹೇಳ್ಲಿ?" ಅಂದರು. ಆ ಫೈಲಿನಲ್ಲಿದ್ದ ಕಾಗದದ ಕೆಳಗೆ ನಿಮ್ಮ ಸಹಿ ಇತ್ತು. ಜನವರಿ ಮೂರನೇ ತಾರೀಕು.

ನಿಮ್ಮನ್ನು ದೂರುತ್ತಿಲ್ಲ. ನಡೆದದ್ದನ್ನು ಬರೆಯುವುದು ನಿಮ್ಮ ಕೆಲಸ. ಆದರೆ ಹಾಗೆ ಬರೆದವರೇ ಇನ್ನೊಂದು ಕಾಗದ ಬರೆದು, "ಹುಡುಗ ತಪ್ಪು ಮಾಡಿದ, ನಾನು ಮನ್ನಿಸಿದ್ದೇನೆ, ನೀವೂ ಮನ್ನಿಸಿ" ಎಂದರೆ ಅವರು ಕೇಳುತ್ತಾರೆ. ನಿಮ್ಮ ಮಾತಿಗೆ ಅಲ್ಲಿ ಈಗಲೂ ಬೆಲೆ ಇದೆ. ಮೈದಾನದ ಬಾಗಿಲ ಮೇಲೆ ನಿಮ್ಮ ಹೆಸರು ಕೆತ್ತಿಸುತ್ತಿದ್ದಾರೆ, ಏಣಿ ಹಾಕಿದ್ದನ್ನು ನಾನೇ ನೋಡಿದೆ.

ರೊಜೆಲ್ ನಿಮಗೆ ಬರೆಯಬೇಡ ಅನ್ನುತ್ತಾನೆ. ಯಾಕೋ ಅಂದರೆ, "ಅವ್ರಿಗ್ಯಾಕಮ್ಮ ತೊಂದ್ರೆ" ಅನ್ನುತ್ತಾನೆ. ನಾನು ಬರೆಯುತ್ತಿದ್ದೇನೆ. ಮಗನ ಓದಿನ ವಿಷಯಕ್ಕೆ ಬಂದರೆ ನಾನು ನಾಚಿಕೆ ಬಿಟ್ಟವಳು.

ಇರ್ಮಾ ಲೀ ಪಿಕೆಟ್


ಲೇಕ್‌ಪೋರ್ಟ್
24 ಜೂನ್ 1977

ಮಿಸೆಸ್ ಪಿಕೆಟ್ ಅವರಿಗೆ,

ನಿಮ್ಮ ಪತ್ರ ನೋಡಿ ಬಹಳ ಬೇಜಾರಾಯಿತು. ಇವತ್ತೇ ಹ್ಯಾಡನ್‌ಗೆ ಬರೆದಿದ್ದೇನೆ, ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ರೊಜೆಲ್‌ನ ನಡತೆ, ಅವನ ಕಷ್ಟಸಹಿಷ್ಣುತೆ, ತಂಡದ ಮೇಲೆ ಅವನಿಗಿದ್ದ ನಿಷ್ಠೆ ಎಲ್ಲವನ್ನೂ ಒತ್ತಿ ಹೇಳಿದ್ದೇನೆ. ಇದಕ್ಕಿಂತ ಹೆಚ್ಚು ಹೊಗಳಿ ನಾನು ಯಾರಿಗೂ ಬರೆದಿಲ್ಲ.

ಹೊಸ ಕೋಚ್ ತನ್ನ ತಂಡ ಕಟ್ಟುವಾಗ ಹಳಬ ಕೈ ಹಾಕುವುದು ನಮ್ಮಲ್ಲಿ ಸಲ್ಲದ ನಡತೆ, ಅದು ನಿಮಗೂ ಅರ್ಥವಾಗುತ್ತದೆ. ಆದರೂ ನನ್ನ ಪತ್ರ ಕೆಲಸ ಮಾಡುತ್ತದೆ ಎಂಬ ನಂಬಿಕೆ ಇದೆ.

ಮುಂದಿನ ತಿಂಗಳು ಇಲ್ಲಿ ತರಬೇತಿ ಶಿಬಿರ ಶುರು. ಬಕ್ನರ್‌ನಲ್ಲಿ ಒಳ್ಳೆಯ ಆಟ ಆಡಿದವರ ಹೆಲ್ಮೆಟ್ಟಿಗೆ ನಾನು ಬಂಗಾರದ ಬಣ್ಣದ ನಕ್ಷತ್ರ ಅಂಟಿಸುತ್ತಿದ್ದೆನಲ್ಲ, ಅದನ್ನು ಇಲ್ಲಿಗೂ ಪೆಟ್ಟಿಗೆಗಟ್ಟಲೆ ತರಿಸಿದ್ದೇನೆ.

ನಿಮ್ಮ ವಿಶ್ವಾಸಿ,
ಹಾರ್ಲನ್ ಟೀಗ್


ಟಾಲ್‌ಬಟ್
9 ಆಗಸ್ಟ್ 1977

ಕೋಚ್ ಟೀಗ್,

ಆಗಲಿಲ್ಲ. ರೊಜೆಲ್ ಈಗ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ಮನೆಗೆ ಬಂದು ಬಕೆಟ್ಟಿನಲ್ಲಿ ಮಂಜುಗಡ್ಡೆ ಹಾಕಿಕೊಂಡು ಕಾಲು ಇಳಿಬಿಟ್ಟು ಕೂರುತ್ತಾನೆ. ಹೇಗಿದೆಯೋ ಅಂದರೆ "ಪರ್ವಾಗಿಲ್ಲಮ್ಮ" ಅನ್ನುತ್ತಾನೆ. ಬಾಯಿ ಹಾಗನ್ನುತ್ತದೆ, ಹಣೆ ಬೆವರುತ್ತಿರುತ್ತದೆ.

ಹ್ಯಾಡನ್‌ಗೆ ಫೋನ್ ಮಾಡಿದೆ. ಅವರು ಒಂದು ಮಾತು ಹೇಳಿದರು. "ಟೀಗ್ ಬರೆದಿರೋ ಕಾಗ್ದ ಮೂರು ಸಲ ಓದ್ದೆ ಮಿಸೆಸ್ ಪಿಕೆಟ್. ತುಂಬಾ ಚೆನ್ನಾಗಿದೆ. ಆದ್ರೆ ಆ ದಿನ ಏನಾಯ್ತು ಅನ್ನೋದು ಮಾತ್ರ ಅದ್ರಲ್ಲಿ ಎಲ್ಲೂ ಇಲ್ಲ." ನಾನೂ ನನ್ನ ಪ್ರತಿ ತೆಗೆದು ಓದಿದೆ. ಹೌದು, ಇಲ್ಲ.

ಅವತ್ತಿನಿಂದ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿದೆ. ಅಪ್ಪನಿಲ್ಲದ ಹುಡುಗ, ನಾನು ಅವನಿಗೆ ಮಾತು ಬರುವ ಮುಂಚೆಯೇ ಇದನ್ನು ಕಲಿಸಿದೆ: ದೊಡ್ಡವರು ಏನು ಕೇಳಿದರೂ "ಆಗುತ್ತೆ ಸರ್", "ಆಗುತ್ತೆ ಮ್ಯಾಮ್" ಅನ್ನಬೇಕು. ನಮ್ಮ ಬಣ್ಣದ ಹುಡುಗರು ಈ ಸೀಮೆಯಲ್ಲಿ ಜೀವಂತ ಮನೆಗೆ ಬರಬೇಕಾದರೆ ಅದು ಬಾಯಿಪಾಠ ಆಗಿರಬೇಕು. ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅವನು ನನಗೆ ಎದುರಾಡಿಲ್ಲ, ಪಾದ್ರಿಗೆ ಎದುರಾಡಿಲ್ಲ, ಹಲ್ಲು ಕಿತ್ತವನಿಗೂ ಎದುರಾಡಿಲ್ಲ. ಅಂಥವನು ಜೀವನದಲ್ಲಿ ಒಂದೇ ಒಂದು ಸಲ ಒಬ್ಬರ ಮಾತು ಮೀರಿದ, ಆ ಒಬ್ಬರು ನೀವು ಎಂದು ನಾನು ನಂಬಬೇಕೇ?

ಅವನನ್ನು ಕೇಳಿದರೆ ಎದ್ದು ಹೋಗುತ್ತಾನೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಅವತ್ತು ಏನು ನಡೆಯಿತು?

ಇರ್ಮಾ ಪಿಕೆಟ್


ಟಾಲ್‌ಬಟ್
3 ಅಕ್ಟೋಬರ್ 1977

ಕೋಚ್ ಟೀಗ್,

ಉತ್ತರ ಬಂದಿಲ್ಲ. ನಿನ್ನೆ ನಿಮ್ಮ ತಂಡ ಮೂರನೇ ಸಲ ಸೋತಿತಂತೆ, ಕ್ಷೌರದ ಅಂಗಡಿಯವನು ಹೇಳಿದ. ಅದಕ್ಕೆ ನನಗೆ ಸಂತೋಷವೂ ಇಲ್ಲ, ದುಃಖವೂ ಇಲ್ಲ. ನಾನು ಕೇಳಿದ್ದು ಬೇರೆ.

ಇ. ಪಿಕೆಟ್


ಲೇಕ್‌ಪೋರ್ಟ್
8 ನವೆಂಬರ್ 1977

ಮಿಸೆಸ್ ಪಿಕೆಟ್ ಅವರಿಗೆ,

ನಿಮ್ಮ ಎರಡೂ ಪತ್ರ ನನ್ನ ಮೇಜಿನ ಡ್ರಾಯರಿನಲ್ಲಿದ್ದವು. ಪ್ರತಿದಿನ ಆ ಡ್ರಾಯರ್ ತೆಗೆಯದೆ ಕೆಲಸ ನಡೆಯುವುದಿಲ್ಲ, ಹಾಗಾಗಿ ಅವನ್ನು ಪ್ರತಿದಿನ ನೋಡಿದ್ದೇನೆ. ಮೂರು ತಿಂಗಳು ಹೇಡಿಯ ಹಾಗೆ ಇದ್ದೆ. ಇವತ್ತು ಬರೆಯುತ್ತೇನೆ. ಮೊದಲು ಈಚೆಗೆ ನಡೆದದ್ದನ್ನು ಹೇಳುತ್ತೇನೆ, ಯಾಕೆಂದರೆ ಅದರಿಂದಲೇ ನನಗೆ ಬುದ್ಧಿ ಬಂದದ್ದು.

ಎಂಟು ಆಟದಲ್ಲಿ ಏಳು ಸೋತಿದ್ದೇವೆ. ನಾನು ಇಲ್ಲಿ ನಗೆಪಾಟಲಾಗಿದ್ದೇನೆ. ಶಿಬಿರದಲ್ಲಿ ಎರಡೆರಡು ಮಕ್ಕಳ ತಂದೆಯಂದಿರಿಗೆ ಒಂಬತ್ತು ಗಂಟೆಗೆ ದೀಪ ಆರಿಸಬೇಕೆಂದು ಕಟ್ಟಳೆ ಮಾಡಿದೆ. ನಕ್ಷತ್ರ ಕೊಟ್ಟೆ. ಒಬ್ಬ ಅದನ್ನು ಮಗಳ ಊಟದ ಡಬ್ಬಿಗೆ ಅಂಟಿಸಿದ, ಉಳಿದವರು ಪಾಯಿಖಾನೆ ಬಾಗಿಲಿಗೆ ಅಂಟಿಸಿದರು. ಆಟಕ್ಕೆ ಮುಂಚೆ ನಾನು ಮಾಡುವ ಭಾಷಣ ನಿಮಗೆ ಗೊತ್ತು, ಬಕ್ನರ್‌ನಲ್ಲಿ ಹುಡುಗರು ಕಣ್ಣೀರು ಹಾಕುತ್ತಿದ್ದರು. ಇಲ್ಲಿ ಮೊದಲ ವಾರ ನಾನು ಎದೆ ಬಡಿದುಕೊಂಡು ಹೇಳುವಾಗ ಹಿಂದಿನ ಬೆಂಚಿನಿಂದ ಒಬ್ಬ, "ಕೋಚ್, ಬೇಗ ಮುಗ್ಸಿ, ಕಾಲಿಗೆ ಟೇಪ್ ಸುತ್ಕೋಬೇಕು" ಅಂದ.

ಹೋದ ತಿಂಗಳು ಕೊನೆಯ ಗುರುವಾರ. ನಮ್ಮಲ್ಲಿ ಸ್ಟಾನ್ ವೊಯ್ಚಿಕ್ ಎಂಬ ಹಳೆಯ ಆಟಗಾರ ಇದ್ದಾನೆ, ಹನ್ನೊಂದು ವರ್ಷದಿಂದ ಇದೇ ತಂಡ, ಬಾಗಿಲಿನಷ್ಟು ಅಗಲದ ಆಳು. ಅಭ್ಯಾಸದಲ್ಲಿ ಅವನ ಮಂಡಿ ತಿರುಚಿತ್ತು. ಅವನಿಲ್ಲದಿದ್ದರೆ ಭಾನುವಾರ ನಮ್ಮ ಕಥೆ ಮುಗಿದ ಹಾಗೆ. ಹೋಗಿ ಅವನ ಎದುರು ನಿಂತೆ. ಬೆಂಚಿನ ಮೇಲೆ ಕೂತು ಸಾಸೇಜ್ ತಿನ್ನುತ್ತಿದ್ದ.

"ಭಾನುವಾರ ಆಡೋಕಾಗುತ್ತಾ ಸ್ಟಾನ್?" ಅಂದೆ.

"ಆಗಲ್ಲ," ಅಂದ.

"ಏನಂದೆ?"

"ಆಗಲ್ಲ ಅಂದೆ. ನೋಯುತ್ತೆ."

"ನೋವು ಎಲ್ರಿಗೂ ಇರುತ್ತೆ. ಪ್ರಯತ್ನ ಮಾಡ್ಬಹುದಲ್ಲ?"

"ನಿಮ್ಮ ಮಂಡಿಯಲ್ಲಿ ಮಾಡಿ ಕೋಚ್. ನನ್ನ ಮಂಡಿ ಇನ್ನೂ ನಲವತ್ತು ವರ್ಷ ಮೆಟ್ಟಿಲು ಹತ್ಬೇಕು." ಸಾಸೇಜ್ ಮುಗಿಸಿ ಕೈ ಒರೆಸಿಕೊಂಡ. ಅವನಿಗೆ ಸಿಟ್ಟೂ ಇರಲಿಲ್ಲ. ಅಂಗಡಿಯವನು ಸಕ್ಕರೆ ಖಾಲಿಯಾಗಿದೆ ಎಂದು ಹೇಳುವ ಹಾಗೆ ಹೇಳಿದ, ಅಷ್ಟೇ.

ಮಿಸೆಸ್ ಪಿಕೆಟ್, ಹತ್ತೊಂಬತ್ತು ವರ್ಷ ನಾನು ಆ ಪ್ರಶ್ನೆ ಕೇಳಿದ್ದೇನೆ. ಕೈ ಮುರಿದವರನ್ನು ಕೇಳಿದ್ದೇನೆ, ಕಣ್ಣು ಮಂಜಾದವರನ್ನು ಕೇಳಿದ್ದೇನೆ. ಒಬ್ಬನೂ "ಆಗಲ್ಲ" ಅಂದಿರಲಿಲ್ಲ. ಅದು ನನ್ನ ಹುಡುಗರ ಧೈರ್ಯ ಎಂದು ಊರೂರಲ್ಲಿ ಭಾಷಣ ಮಾಡಿದ್ದೇನೆ. ಆ ಗುರುವಾರ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. ಆ ಪ್ರಶ್ನೆಗೆ ಬೇರೆ ಉತ್ತರವೂ ಇದೆ ಎಂದು ನನಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು. ನನ್ನ ಹುಡುಗರಿಗೆ ಆ ಉತ್ತರ ಕೊಡುವ ಹಕ್ಕು ಇರಲಿಲ್ಲ. ಸ್ಕಾಲರ್‌ಶಿಪ್ಪಿನ ಸಹಿ ನನ್ನ ಕೈಯಲ್ಲಿತ್ತು.

ಈಗ ನೀವು ಕೇಳಿದ್ದು.

ಆಟಕ್ಕೆ ಮೂರು ದಿನ ಮುಂಚೆ ರೊಜೆಲ್‌ನ ಮಂಡಿ ತಿರುಚಿತು. ತಂಡದ ಡಾಕ್ಟರ್ ಖಡಾಖಂಡಿತವಾಗಿ ಬೇಡ ಎಂದರು. ನಾನೂ ಒಪ್ಪಿದೆ. ಜೊತೆಯಲ್ಲಿರಲಿ ಎಂದು ಸಮವಸ್ತ್ರ ಹಾಕಿಸಿ ಬೆಂಚಿನ ಮೇಲೆ ಕೂರಿಸಿದೆ. ಆಟದ ಮೂರನೇ ಭಾಗದಲ್ಲಿ ನಾವು ನಾಲ್ಕು ಅಂಕ ಹಿಂದಿದ್ದೆವು. ಅವನ ಬದಲಿಗೆ ಆಡಿದವನು ಎರಡು ಸಲ ಚೆಂಡು ಬೀಳಿಸಿದ. ಇಲ್ಲಿಯ ತಂಡದ ಮಾಲೀಕರು ನನ್ನನ್ನು ನೋಡಲೆಂದೇ ಬಂದು ಮೇಲೆ ಕೂತಿದ್ದರು, ಅದು ನನಗೆ ಗೊತ್ತಿತ್ತು. ಡಾಕ್ಟರ್ ಇನ್ನೊಬ್ಬ ಹುಡುಗನ ಕೈ ನೋಡಲು ಒಳಗೆ ಹೋದರು. ಅವರು ಹೋಗುವುದನ್ನೇ ಕಾದಿದ್ದೆ, ಅದನ್ನೂ ಬರೆಯುತ್ತೇನೆ. ರೊಜೆಲ್ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನ ಭುಜದ ಮೇಲೆ ಕೈ ಇಟ್ಟೆ.

"ಆಗುತ್ತಾ?"

"ಆಗುತ್ತೆ ಸರ್."

ಹನ್ನೊಂದು ಸಲ ಅವನ ಕೈಗೆ ಚೆಂಡು ಕೊಡಿಸಿದೆ. ಗೆದ್ದೆವು. ಹನ್ನೊಂದನೇ ಸಲ ಯಾರೂ ಅವನನ್ನು ಮುಟ್ಟಲೂ ಇಲ್ಲ, ಕಾಲು ತಾನಾಗಿಯೇ ಮಡಚಿಕೊಂಡಿತು. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿಯುವಾಗ ಅವನನ್ನು ಸ್ಟ್ರೆಚರಿನಲ್ಲಿ ಒಯ್ಯುತ್ತಿದ್ದರು. ಹೆಗಲ ಮೇಲಿನಿಂದ ನನಗೆ ಕುಣಿತವೂ ಸ್ಟ್ರೆಚರೂ ಒಟ್ಟಿಗೆ ಕಾಣಿಸಿದವು.

ಡಾಕ್ಟರ್ ಕಾಲೇಜಿನ ಅಧ್ಯಕ್ಷರಿಗೆ ದೂರು ಕೊಟ್ಟರು. ಅಧ್ಯಕ್ಷರು ವರದಿ ಕೇಳಿದರು. ಅದರಲ್ಲಿ ನಿಜ ಬರೆದರೆ ಈ ಕೆಲಸ ಕೈತಪ್ಪುತ್ತಿತ್ತು. ಮೂರನೇ ತಾರೀಕು ಆ ಕಾಗದ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ನೀವು ಆಗ ಔಷಧಿ ತರಲು ಕೆಳಗೆ ಹೋಗಿದ್ದಿರಿ. "ನಾನು ಬೇಡ ಅಂದೆ, ನೀನೇ ಹೋದೆ ಅಂತ ಬರ್ದಿದೀನಿ ಕಣೋ. ನಿಂಗೇನೂ ಆಗಲ್ಲ, ನಾನಿದೀನಿ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳೋಕಾಗುತ್ತಾ?" ಅಂದೆ. ಅವನಿಗೆ ಮತ್ತಿನ ಔಷಧಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅದೇ ಉತ್ತರ ಕೊಟ್ಟ. ಹತ್ತು ದಿನಕ್ಕೆ ಅವನನ್ನು ಅಲ್ಲೇ ಬಿಟ್ಟು ಇಲ್ಲಿಗೆ ಬಂದೆ.

ಇದನ್ನೆಲ್ಲ ಹೀಗೆಯೇ ಕಾಲೇಜಿನ ಅಧ್ಯಕ್ಷರಿಗೆ, ಹ್ಯಾಡನ್‌ಗೆ, ಆ ಡಾಕ್ಟರಿಗೆ ಇಂದು ಬೆಳಿಗ್ಗೆ ಕಳಿಸಿದ್ದೇನೆ. ಜನವರಿಯ ಕಾಗದ ಸುಳ್ಳು ಎಂದು ಸಹಿ ಹಾಕಿದ್ದೇನೆ. ನಿಮ್ಮ ಮುಂದೆ ಬಂದು ಹೇಳಬೇಕಾಗಿತ್ತು, ಧೈರ್ಯ ಬರಲಿಲ್ಲ.

ಹಾರ್ಲನ್ ಟೀಗ್


ಟಾಲ್‌ಬಟ್
21 ನವೆಂಬರ್ 1977

ಮಿಸ್ಟರ್ ಟೀಗ್,

ನಿಮ್ಮ ಪತ್ರವನ್ನು ಶಾಲೆಯ ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಒಲೆಯ ಮೇಲಿದ್ದ ಬೀನ್ಸ್ ಪೂರ್ತಿ ಸೀದುಹೋಯಿತು. ಇನ್ನೂರು ಮಕ್ಕಳಿಗೆ ಅವತ್ತು ಬರೀ ಬ್ರೆಡ್ಡು.

ಸಂಜೆ ರೊಜೆಲ್‌ನನ್ನು ಎದುರಿಗೆ ಕೂರಿಸಿ ಗಟ್ಟಿಯಾಗಿ ಓದಿದೆ. ಅವನು ತಲೆ ಬಗ್ಗಿಸಿಕೊಂಡು ಕೇಳಿದ. ಮುಗಿದ ಮೇಲೆ, "ಅವ್ರಿಗೂ ಕಷ್ಟ ಇತ್ತಮ್ಮ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. "ಕಷ್ಟ ಇದ್ರೆ? ಕಷ್ಟ ಇದ್ರೆ ನಿನ್ನ ಕಾಲು ಕೊಡ್ಬೇಕಿತ್ತಾ? ಹನ್ನೊಂದು ತಿಂಗ್ಳು ನನ್ನ ಹತ್ರ ಬೈಸ್ಕೊಂಡ್ಯಲ್ಲೋ, ಒಂದ್ಸಲ ಬಾಯಿ ಬಿಡೋಕೆ ಆಗ್ಲಿಲ್ವಾ?" ಅಂದೆ. ಅವನು ಅಂದ, "ಹಾಗೇ ಹೇಳ್ತೀನಿ ಅಂತ ಅವ್ರಿಗೆ ಮಾತು ಕೊಟ್ಟಿದ್ದೆ." ಆಮೇಲೆ ಅವನೂ ಅತ್ತ, ನಾನೂ ಅತ್ತೆ.

ಆ ಮಾತನ್ನು ಅವನಿಗೆ ಕಲಿಸಿದವಳು ನಾನು. ಅವನನ್ನು ಕಾಪಾಡಲಿ ಎಂದು ಕಲಿಸಿದೆ. ನೀವು ಅದನ್ನು ಹಿಡಿಕೆ ಮಾಡಿಕೊಂಡಿರಿ. ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ, ಮತ್ತು ಅದಕ್ಕೂ ನಿಮ್ಮ ಮೇಲೆಯೇ ಸಿಟ್ಟು.

ಅಧ್ಯಕ್ಷರಿಗೆ ಬರೆದಿರಿ. ಬರೆಯಬೇಕಾದದ್ದೇ. ಕ್ಷಮಿಸಿದ್ದೇನೆ ಎಂದು ನಾನು ಬರೆಯುತ್ತೇನೆ ಅಂತ ಕಾಯಬೇಡಿ. ಚರ್ಚಿನಲ್ಲಿ ಬಾಗಿಲು ಕಾಯುವ ಕೆಲಸ ನನ್ನದು, ಕ್ಷಮೆಯ ವಿಷಯ ವಾರವಾರವೂ ಕೇಳುತ್ತೇನೆ. ಬರುವಾಗ ಬರುತ್ತದೆ.

ಇರ್ಮಾ ಪಿಕೆಟ್


ಲೇಕ್‌ಪೋರ್ಟ್
15 ಡಿಸೆಂಬರ್ 1977

ಮಿಸೆಸ್ ಪಿಕೆಟ್ ಅವರಿಗೆ,

ನಿನ್ನೆ ರಾಜೀನಾಮೆ ಕೊಟ್ಟೆ. ಇನ್ನೊಂದು ಆಟ ಬಾಕಿ ಇತ್ತು. ಹದಿಮೂರು ಆಟದಲ್ಲಿ ಎರಡು ಗೆಲುವು. ಮಾಲೀಕರು ಕೈ ಕುಲುಕಿದರು, ಬೇಡ ಅನ್ನಲಿಲ್ಲ. ವೊಯ್ಚಿಕ್ ಒಬ್ಬನೇ ಕೋಣೆಗೆ ಬಂದ. "ನೀವು ಕೆಟ್ಟವ್ರಲ್ಲ ಕೋಚ್. ನಾವು ನಿಮ್ಮ ಹುಡುಗ್ರಲ್ಲ, ಅಷ್ಟೇ," ಅಂದ. ಸಮಾಧಾನಕ್ಕೆ ಹೇಳಿದ್ದು, ನನಗೆ ಚುಚ್ಚಿತು. ಅವರೂ ನನ್ನ ಹುಡುಗರಂತೆಯೇ ಇದ್ದಿದ್ದರೆ ನಾನು ಇನ್ನೂ ಎಷ್ಟು ಜನರನ್ನು ಕುಂಟರನ್ನಾಗಿ ಮಾಡುತ್ತಿದ್ದೆನೋ.

ಟೆನೆಸ್ಸಿಯ ಒಂದು ಕಾಲೇಜಿನವರು ಕರೆದಿದ್ದಾರೆ. ನನಗೆ ಬೇರೆ ಕೆಲಸ ಬರುವುದಿಲ್ಲ. ನಾನು ಬರೆದ ಪತ್ರದ ವಿಷಯ ಅವರ ಅಧ್ಯಕ್ಷರಿಗೆ ತಿಳಿಸಿದೆ. "ಆದದ್ದಾಯ್ತು, ಹೊರಗೆ ಗೊತ್ತಾಗೋದು ಬೇಡ" ಅಂದರು. ಬಕ್ನರ್‌ನವರೂ ಅದನ್ನು ಹೊರಗೆ ಬಿಟ್ಟಿಲ್ಲ. ಈ ಸಲ ಬೇರೆ ರೀತಿ ಇರುತ್ತೇನೆ. ಡಾಕ್ಟರ್ ಮಾತೇ ಕೊನೆ ಎಂದು ಬರೆದುಕೊಟ್ಟೇ ಸೇರುತ್ತೇನೆ.

ರೊಜೆಲ್‌ನ ವಿಷಯ ಏನಾಯಿತು? ಕೇಳುವ ಅರ್ಹತೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಹಾರ್ಲನ್ ಟೀಗ್


ಟಾಲ್‌ಬಟ್
31 ಜನವರಿ 1978

ಮಿಸ್ಟರ್ ಟೀಗ್,

ರೊಜೆಲ್ ಕಾಲೇಜಿಗೆ ಹೋದ. ಡಿಗ್ರಿ ಮುಗಿಯುವವರೆಗೂ ಜಾಗ ಇದೆ ಎಂದು ಈ ಸಲ ಕಾಗದದಲ್ಲೇ ಬರೆಸಿಕೊಂಡೆ. ಹ್ಯಾಡನ್ ತಾವೇ ಬಂದು ಕರೆದುಕೊಂಡು ಹೋದರು. ಕಾರು ಹತ್ತುವಾಗ ಕಾಲು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳಬೇಕಾಯಿತು. ಸೆಪ್ಟೆಂಬರ್ ಹೊತ್ತಿಗೆ ಅವನು ಶಾಲೆಯಲ್ಲಿ ಅಭ್ಯಾಸಕ್ಕೆ ಪಾಠ ಮಾಡಬಹುದಂತೆ. ನೀವು ಕೇಳಿದ್ದಕ್ಕೆ ಉತ್ತರ ಇಷ್ಟು.

ಈಗ ನಾನು ಬರೆಯಲು ಕೂತ ಕಾರಣ. ಹೋದ ವಾರ ಮೆಂಫಿಸ್‌ನಿಂದ ಒಬ್ಬಳು ಫೋನ್ ಮಾಡಿದಳು. ಹೆಸರು ಲುವೆಲ್ಲಾ ಗ್ರಿಗ್ಸ್, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಅವಳ ಮಗನನ್ನು ನಿಮ್ಮ ಹೊಸ ಕಾಲೇಜಿಗೆ ಕೇಳಲು ನೀವು ಗುರುವಾರ ಅವರ ಮನೆಗೆ ಬರುತ್ತೀರಿ ಎಂದಳು. ಮಗನನ್ನು ಕೊಡುವ ಮೊದಲು, ಹಿಂದೆ ಕೊಟ್ಟವರನ್ನು ಕೇಳುವುದು ನಮ್ಮ ತಾಯಂದಿರ ಪದ್ಧತಿ, ನಾನೂ ಅವತ್ತು ನಿಮ್ಮ ಬಗ್ಗೆ ಮೂವರನ್ನು ಕೇಳಿದ್ದೆ. "ನಾನು ನಿಮ್ಮ ಗುರುತಿನವ್ಳಲ್ಲಮ್ಮ, ಆದ್ರೂ ಕೇಳ್ತೀನಿ. ಈ ಮನುಷ್ಯನ ಕೈಗೆ ನನ್ನ ಮಗನ್ನ ಕೊಡ್ಬಹುದಾ?"

ಎಲ್ಲ ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. "ಅವ್ರ ಬಾಯಿಂದಾನೇ ಕೇಳಮ್ಮ," ಅಂದೆ. "ಊಟಕ್ಕೆ ಕೂರ್ಸು. ಆಮೇಲೆ ರೊಜೆಲ್ ಪಿಕೆಟ್ ಮಂಡಿಗೆ ಏನಾಯ್ತು ಅಂತ ಕೇಳು. ಅವ್ರೇನು ಹೇಳ್ತಾರೋ ಅದರ ಮೇಲೆ ನೀನೇ ತೀರ್ಮಾನ ಮಾಡು." ನಿಮ್ಮ ನವೆಂಬರಿನ ಪತ್ರ ಓದಿದವಳು ನಾನು. ನೀವು ಹೇಳುತ್ತೀರಿ ಎಂದು ನಂಬಿದ್ದೆ. ನಾನು ಎಷ್ಟು ನಂಬಿದ್ದೆ ಎಂಬುದು ನನಗೇ ಆಮೇಲೆ ಗೊತ್ತಾಯಿತು.

ಗುರುವಾರ ನೀವು ಹೋದಿರಿ. ಶುಕ್ರವಾರ ಅವಳು ಮತ್ತೆ ಫೋನ್ ಮಾಡಿದಳು. ಹುರಿದ ಮೀನು ಎರಡು ಸಲ ಹಾಕಿಸಿಕೊಂಡಿರಂತೆ. ಅವಳು ರೊಜೆಲ್ ಹೆಸರೆತ್ತಿದ ಕೂಡಲೇ ಫೋರ್ಕು ಕೆಳಗಿಟ್ಟಿರಂತೆ. "ಆ ಹುಡುಗನ ವಿಷ್ಯದಲ್ಲಿ ನಾನು..." ಎಂದು ಶುರು ಮಾಡಿದಿರಂತೆ. ಅಷ್ಟರಲ್ಲಿ ಅವಳ ಮಗ ಕೆಲಸ ಮುಗಿಸಿ ಒಳಗೆ ಬಂದ. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರದ ಹುಡುಗ. ನೀವು ಎದ್ದು ನಿಂತು ಅವನ ಅಂಗೈ ಹಿಡಿದು ತಿರುಗಿಸಿ ನೋಡಿ, "ಅಯ್ಯಪ್ಪ, ಎಷ್ಟು ದೊಡ್ಡ ಕೈಯೋ ನಿಂದು!" ಅಂದಿರಂತೆ. ಆಮೇಲೆ ಮಾತೆಲ್ಲ ಅವನ ಜೊತೆಯೇ. ಹೋಗುವಾಗ ಅವಳು ಮತ್ತೊಂದು ಸಲ ನೆನಪು ಮಾಡಿದಳಂತೆ. "ಒಳ್ಳೆ ಹುಡುಗ ರೊಜೆಲ್. ಆಟದಲ್ಲಿ ಪೆಟ್ಟಾಯ್ತು, ಪಾಪ" ಅಂದಿರಿ. ಟೋಪಿ ಹಾಕಿಕೊಂಡು ಹೊರಟಿರಿ.

"ಇಷ್ಟೇನಾ ಅಮ್ಮ ವಿಷ್ಯ?" ಎಂದು ಲುವೆಲ್ಲಾ ನನ್ನನ್ನು ಕೇಳಿದಳು.

ಏಳನೇ ತಾರೀಕು ಮಂಗಳವಾರ ಫೋನ್ ಮಾಡು, ಹೇಳುತ್ತೇನೆ ಅಂದೆ. ಅವಳ ಮಗ ಮರುದಿನ ಬುಧವಾರ ಸಹಿ ಹಾಕಬೇಕು.

ಈ ಪತ್ರ ಗುರುವಾರವೋ ಶುಕ್ರವಾರವೋ ನಿಮ್ಮ ಕೈ ಸೇರುತ್ತದೆ. ಅವಳ ಮನೆ ನಿಮಗೆ ಗೊತ್ತು, ನೀವೇ ಹೋಗಿ ಹೇಳಿ. ಮಂಗಳವಾರ ಅವಳು ಫೋನ್ ಮಾಡಿದಾಗ, ಅವಳಿಗೆ ಗೊತ್ತಿಲ್ಲದ್ದು ಯಾವುದೂ ನನ್ನ ಹತ್ತಿರ ಉಳಿದಿರಬಾರದು.

ಇರ್ಮಾ ಲೀ ಪಿಕೆಟ್